ಊರಿನ ನೆಟ್ಸ್, ಬೇಸಿಗೆ ಶಿಬಿರ, ಬೌಲಿಂಗ್ ಮಷಿನ್, ಬೆಂಗಳೂರಿನ ಹಾಸ್ಟೆಲ್: ಕ್ರಿಕೆಟ್ ಕಲಿಯಲು ಯಾವ ದಾರಿ?

ಶಾಲೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರಿಂದ ಬರುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಮಗ ಟೆನಿಸ್ ಬಾಲ್‌ನಲ್ಲಿ ಜೋರಾಗಿ ಹೊಡೆಯುತ್ತಾನೆ, ಲೆದರ್ ಬಾಲ್ ಕಲಿಸಬೇಕು. ಊರಲ್ಲಿರುವ ಅಕಾಡೆಮಿ ಸಾಕೇ, ಬೆಂಗಳೂರಿಗೇ ಕಳಿಸಬೇಕೇ? ಬೇಸಿಗೆ ಶಿಬಿರಕ್ಕೆ ಕಟ್ಟುವ ರೊಕ್ಕ ದಂಡವೇ? ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಬೌಲಿಂಗ್ ಮಷಿನ್‌ನಿಂದ ಬ್ಯಾಟಿಂಗ್ ಸುಧಾರಿಸುತ್ತದೆಯೇ? ಸಿಂಧನೂರು, ಸಿರುಗುಪ್ಪ, ಕುಷ್ಟಗಿಯಂಥ ಊರಿನವರಿಗೆ ಇನ್ನೊಂದು ತಾಪತ್ರಯ: ಜಿಲ್ಲಾ ಕೇಂದ್ರದ ನೆಟ್ಸ್‌ಗೆ (ಬಲೆ ಕಟ್ಟಿದ ಅಭ್ಯಾಸದ ಜಾಗಕ್ಕೆ) ಹೋಗಿಬರುವುದರಲ್ಲೇ ಅರ್ಧ ದಿನ ಕಳೆದುಹೋಗುತ್ತದೆ.

ಗೋಡೆಯ ಮೇಲಿನ ಸ್ಟಾರ್ ಆಟಗಾರರ ಫೋಟೊ, ಬಣ್ಣದ ಟೀ ಶರ್ಟ್, ಉದ್ಘಾಟನೆಗೆ ಬಂದವರ ಹೆಸರು, ಇವು ಯಾವುದೂ ಆಟ ಕಲಿಸುವುದಿಲ್ಲ. ವಾರಕ್ಕೆ ಎಷ್ಟು ಎಸೆತ ಆಡಲು ಅಥವಾ ಎಸೆಯಲು ಸಿಗುತ್ತದೆ, ಅದರಲ್ಲಿ ಎಷ್ಟನ್ನು ತಿಳಿದವರೊಬ್ಬರು ಕಣ್ಣಿಟ್ಟು ನೋಡುತ್ತಾರೆ, ಕಲಿತದ್ದನ್ನು ಪಂದ್ಯದಲ್ಲಿ ಪರೀಕ್ಷಿಸುವ ಅವಕಾಶ ಎಷ್ಟು ದಿನಕ್ಕೊಮ್ಮೆ ಬರುತ್ತದೆ: ಫಲ ನಿಂತಿರುವುದು ಈ ಮೂರರ ಮೇಲೆ. ಪಿಚ್ಚು, ದೂರ, ಬಿಸಿಲು, ಖರ್ಚು ಇವನ್ನು ಇದಕ್ಕೆ ಸೇರಿಸಿ ನೋಡಬೇಕು.

ಸೇರುವ ಮುಂಚೆ ಎಣಿಸಿ

ಯಾವ ಅಕಾಡೆಮಿಗಾದರೂ ರೊಕ್ಕ ಕಟ್ಟುವ ಮುಂಚೆ ಒಂದು ಸಂಜೆ ನೆಟ್ಸ್ ಪಕ್ಕ ನಿಂತು ನೋಡಿ. ಎರಡು ನೆಟ್, ಎರಡು ಗಂಟೆ ಅಭ್ಯಾಸ, 20 ಹುಡುಗರು ಎಂದುಕೊಳ್ಳೋಣ. ಒಟ್ಟು 240 ನಿಮಿಷ. ಒಬ್ಬೊಬ್ಬರಿಗೆ 12 ನಿಮಿಷ. ನಿಮಿಷಕ್ಕೆ ಮೂರು ಬಾಲ್ ಬಂದರೆ 36 ಎಸೆತ. ಅದೇ ಜಾಗದಲ್ಲಿ 40 ಹುಡುಗರಿದ್ದರೆ ಆರೇ ನಿಮಿಷ, 18 ಎಸೆತ. ತಿಂಗಳಿಗೆ 12 ದಿನದ ಬ್ಯಾಚ್‌ಗೆ 1,500 ರೂಪಾಯಿ ಶುಲ್ಕ ಎಂದಿಟ್ಟುಕೊಂಡರೆ ಮೊದಲ ಕಡೆ ಒಂದು ಎಸೆತಕ್ಕೆ ಬೀಳುವುದು ಮೂರೂವರೆ ರೂಪಾಯಿ, ಎರಡನೆಯ ಕಡೆ ಸುಮಾರು ಏಳು ರೂಪಾಯಿ. ಶುಲ್ಕ ಒಂದೇ ಆದರೂ ಸಿಗುವ ಸರಕು ಅರ್ಧ. 'ಸರ್, ನನ್ನ ಪಾಳಿ ಬರಲೇ ಇಲ್ಲ' ಎಂದು ಹುಡುಗ ವಾರಕ್ಕೆರಡು ಸಲ ಹೇಳುತ್ತಿದ್ದರೆ ಅಲ್ಲಿ ಕೋಚಿಂಗ್‌ಗಿಂತ ಸರದಿ ಕಾಯುವುದೇ ಹೆಚ್ಚು ನಡೆಯುತ್ತಿದೆ ಎಂದೇ ಅರ್ಥ.

ಇನ್ನು ಕೋಚ್. ಬಿಸಿಸಿಐ ಅಥವಾ ರಾಜ್ಯ ಸಂಸ್ಥೆಯ ಲೆವೆಲ್ ಕೋರ್ಸ್ ಮಾಡಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಮಾಡಿದವರು ಸಂತೋಷದಿಂದಲೇ ಹೇಳುತ್ತಾರೆ. ಆದರೆ ಪ್ರಮಾಣಪತ್ರಕ್ಕಿಂತ ಹೆಚ್ಚಿನದನ್ನು ಅವರು ಮಾತಾಡುವ ರೀತಿ ಹೇಳುತ್ತದೆ. 'ಕಾಲು ಮುಂದೆ, ಮೊಣಕೈ ಮೇಲೆ, ತಲೆ ಕೆಳಗೆ, ಬ್ಯಾಟು ನೇರ' ಎಂದು ಒಂದೇ ಎಸೆತಕ್ಕೆ ನಾಲ್ಕು ಮಾತು ಕೂಗುವವರಿಂದ ಹುಡುಗನಿಗೆ ಒಂದೂ ಹತ್ತುವುದಿಲ್ಲ. ಒಂದೇ ಮಾತು ಹೇಳಿ, ಮುಂದಿನ ಆರು ಎಸೆತ ಸುಮ್ಮನೆ ನಿಂತು ನೋಡಿ, ಆಮೇಲೆ ಎರಡನೆಯ ಮಾತು ಹೇಳುವವರು ಸಿಕ್ಕರೆ ದೂರವಾದರೂ ಅವರ ಹತ್ತಿರವೇ ಕಳಿಸಿ. ಕೋಚ್ ಫೋನಿನಲ್ಲಿ ಮುಳುಗಿ, ಹಿರಿಯ ಹುಡುಗರೇ ನೆಟ್ಸ್ ನಡೆಸುತ್ತಿದ್ದರೆ ನೀವು ಕಟ್ಟುವುದು ಮೈದಾನದ ಬಾಡಿಗೆ, ಅಷ್ಟೇ.

ಪಿಚ್ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ನಮ್ಮ ಭಾಗದ ಎರೆ ಮಣ್ಣಿಗೆ ಜೇಡಿ ಅಂಶ ಹೆಚ್ಚು. ನೀರುಣಿಸಿ ರೋಲರ್ ಎಳೆದರೆ ಗಟ್ಟಿ ಪಿಚ್ ಆಗುತ್ತದೆ, ನೀರು ತಪ್ಪಿದರೆ ಬಿರುಕು ಬಿಟ್ಟು ಬಾಲ್ ಒಮ್ಮೆ ಮೊಣಕಾಲಿಗೆ, ಒಮ್ಮೆ ಗದ್ದಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವಾಗ ಪಿಚ್‌ಗೆ ದಿನವೂ ನೀರು ಹಾಯಿಸುವುದು ಕಷ್ಟ. ಅದಕ್ಕೇ ಹೆಚ್ಚಿನ ಕಡೆ ಸಿಮೆಂಟ್ ಪಿಚ್, ಅದರ ಮೇಲೆ ನಾರಿನ ಮ್ಯಾಟ್ ಅಥವಾ ಕೃತಕ ಹುಲ್ಲು. ಬರೀ ಸಿಮೆಂಟ್ ಮೇಲೆ ಲೆದರ್ ಬಾಲ್ ಒಂದೇ ಎತ್ತರಕ್ಕೆ, ವೇಗವಾಗಿ ಜಾರಿ ಬರುತ್ತದೆ. ಕಾಲು ಸರಿಸದೆ ನಿಂತಲ್ಲೇ ಹೊಡೆದರೂ ನಡೆಯುತ್ತದೆ. ಟರ್ಫ್ ಪಿಚ್‌ಗೆ (ಮಣ್ಣು, ಹುಲ್ಲಿನ ಪಿಚ್‌ಗೆ) ಹೋದ ಮೊದಲ ಪಂದ್ಯದಲ್ಲಿ ಬಾಲ್ ಸ್ವಲ್ಪ ತಡೆದು ಬಂದಾಗ ಅದೇ ಹುಡುಗ ಬೇಗ ಬ್ಯಾಟು ಬೀಸಿ ಕವರ್ಸ್‌ಗೆ ಕ್ಯಾಚ್ ಕೊಡುತ್ತಾನೆ. ವೇಗದ ಬೌಲರ್‌ಗಳಿಗೆ ಸಿಮೆಂಟ್ ಇನ್ನೂ ಕೆಟ್ಟದ್ದು. ಮುಂಗಾಲು ಬಡಿದಾಗಿನ ಹೊಡೆತವೆಲ್ಲ ಮೊಣಕಾಲು, ಕಣಕಾಲಿನ ಮೂಳೆಗೇ ಹೋಗುತ್ತದೆ. ಇಂಥ ಕಡೆ ಸ್ಪೈಕ್ಸ್ ಬೇಡ, ರಬ್ಬರ್ ಗುಬ್ಬಿಯ ಶೂ ಇರಲಿ. ಮ್ಯಾಟ್ ಇದ್ದರೆ ನಾಲ್ಕೂ ಕಡೆ ಬಿಗಿಯಾಗಿ ಎಳೆದು ಮೊಳೆ ಹೊಡೆದಿದ್ದಾರೆಯೇ ನೋಡಿ. ಸಡಿಲವಾದ ಮ್ಯಾಟ್ ಮೇಲೆ ಬಾಲ್ ಹೇಗೆ ಏಳುತ್ತದೆಂದು ಯಾರೂ ಹೇಳಲಾರರು.

ಬಿಸಿಲಿನ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಪಾದರಸ 40 ಡಿಗ್ರಿ ದಾಟುವುದು ಮಾಮೂಲು. ಬೆಳಿಗ್ಗೆ 6ರಿಂದ 8.30, ಸಂಜೆ 5ರ ನಂತರ: ಈ ಎರಡು ಹೊತ್ತು ಬಿಟ್ಟು ಬೇರೆ ಸಮಯದ ಬ್ಯಾಚ್‌ಗೆ ಮಕ್ಕಳನ್ನು ಹಾಕಬೇಡಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು. ಮನೆಯಿಂದ ಕಳಿಸುವುದಾದರೆ ಒಂದು ಲೀಟರ್‌ಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿ. ಹುಡುಗನಿಗೆ ತಲೆ ಸುತ್ತು, ವಾಂತಿ ಬಂದರೆ, ಮಾತು ತಡವರಿಸಿದರೆ ಪ್ಯಾಡು ಹೆಲ್ಮೆಟ್ಟು ಬಿಚ್ಚಿ, ನೆರಳಲ್ಲಿ ಮಲಗಿಸಿ, ಮೈಗೆ ನೀರು ಹಾಕಿ, ಆಸ್ಪತ್ರೆಗೆ ಒಯ್ಯಬೇಕು. 'ಸ್ವಲ್ಪ ಕೂತರೆ ಸರಿಹೋಗುತ್ತಾನೆ' ಎಂದು ಕಾಯುವುದು ಅಪಾಯ.

ಊರಿನ ಅಕಾಡೆಮಿ ಅಥವಾ ಕ್ಲಬ್ ನೆಟ್ಸ್

ವರ್ಷವಿಡೀ ನಡೆಯುವ ಊರಿನ ನೆಟ್ಸ್ ಹೆಚ್ಚಿನವರಿಗೆ ಸರಿಯಾದ ಆರಂಭ. 9ರಿಂದ 14 ವರ್ಷದ ಮಕ್ಕಳಿಗಂತೂ ಇದನ್ನು ಬಿಟ್ಟು ಬೇರೆ ಯೋಚಿಸುವ ಅಗತ್ಯವೇ ಇಲ್ಲ. ಮನೆ ಊಟ, ಶಾಲೆ, ನಿದ್ದೆ ಯಾವುದೂ ತಪ್ಪುವುದಿಲ್ಲ. ಒಬ್ಬರೇ ಕೋಚ್ ಎರಡು ಮೂರು ವರ್ಷ ನೋಡುವುದರಿಂದ ಹುಡುಗನ ಆಟ ಅವರಿಗೆ ಗೊತ್ತಿರುತ್ತದೆ.

ಇಲ್ಲಿ ಕೇಳಲೇಬೇಕಾದದ್ದು ಪಂದ್ಯಗಳ ವಿಷಯ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ರಾಜ್ಯವನ್ನು ವಲಯಗಳಾಗಿ ಹಂಚಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ರಾಯಚೂರು ವಲಯಕ್ಕೆ ಸೇರುತ್ತವೆ. ಕಲಬುರಗಿ, ಬೀದರ್, ಯಾದಗಿರಿಯೂ ಅದರಲ್ಲೇ. ವಯೋಮಿತಿಯ ವಲಯ ತಂಡಕ್ಕೆ ಆಯ್ಕೆಯಾಗುವ ಆಸೆ ಇದ್ದರೆ ಸಂಸ್ಥೆಯ ಮಾನ್ಯತೆ ಇರುವ ಕ್ಲಬ್ ಜೊತೆ ನಂಟು ಇರುವ ಅಕಾಡೆಮಿಯೇ ಬೇಕು. 'ನಿಮ್ಮ ಹುಡುಗರು ಯಾವ ಕ್ಲಬ್ ಹೆಸರಲ್ಲಿ ಲೀಗ್ ಆಡುತ್ತಾರೆ? ಕಳೆದ ಸೀಸನ್‌ನಲ್ಲಿ 14 ವರ್ಷದೊಳಗಿನವರು ಎಷ್ಟು ಮ್ಯಾಚ್ ಆಡಿದರು?' ಎಂದು ನೇರವಾಗಿ ಕೇಳಿ. 'ಮಾಡಿಸ್ತೀವಿ, ಮುಂದೆ ನೋಡೋಣ' ಎಂಬ ಉತ್ತರ ಬಂದರೆ, ಆಟ ಕಲಿಯಲು ಬೇಕಾದರೆ ಸೇರಿ. ಆಯ್ಕೆಯ ದಾರಿ ಎಂದು ನಂಬಿ ಸೇರಬೇಡಿ.

ಈ ದಾರಿಯ ದೊಡ್ಡ ಕೊರತೆ ಎದುರಾಳಿಗಳದ್ದು. ಒಂದೇ ನೆಟ್ಸ್‌ನಲ್ಲಿ ಅದೇ ಐದಾರು ಬೌಲರ್‌ಗಳನ್ನು ವರ್ಷಗಟ್ಟಲೆ ಆಡಿದ ಬ್ಯಾಟ್ಸ್‌ಮನ್‌ಗೆ ಅವರ ಕೈ ಬಾಯಿಪಾಠ ಆಗಿರುತ್ತದೆ. ಹೊಸ ಎಡಗೈ ವೇಗಿ ಅಥವಾ ನಿಜವಾದ ಲೆಗ್ ಸ್ಪಿನ್ನರ್ ಎದುರಾದಾಗ ತಡಬಡಾಯಿಸುತ್ತಾನೆ. ತಿಂಗಳಿಗೆ ಎರಡಾದರೂ ಹೊರಗಿನ ತಂಡದೊಡನೆ ಪಂದ್ಯ ಇದ್ದರೆ ಈ ಕೊರತೆ ಬಹುಮಟ್ಟಿಗೆ ತುಂಬುತ್ತದೆ.

ಹೆಣ್ಣುಮಕ್ಕಳಿಗೆ ಪ್ರತ್ಯೇಕ ಬ್ಯಾಚ್ ಇಲ್ಲ ಎಂದು ಹಿಂಜರಿಯುವವರು ಬಹಳ. 13, 14ರ ತನಕ ಹುಡುಗರ ಜೊತೆಯೇ ನೆಟ್ಸ್ ಆಡುವುದರಿಂದ ಲಾಭವೇ ಹೆಚ್ಚು. ಬಾಲ್ ಮಾತ್ರ ಗಮನಿಸಿ: ಮಹಿಳೆಯರ ಕ್ರಿಕೆಟ್‌ನ ಬಾಲ್ 140ರಿಂದ 151 ಗ್ರಾಂ, ಪುರುಷರದ್ದು 156ರಿಂದ 163 ಗ್ರಾಂ. ಬೌಲಿಂಗ್ ಮಾಡುವ ಹುಡುಗಿ ಸದಾ ಭಾರದ ಬಾಲ್‌ನಲ್ಲೇ ಅಭ್ಯಾಸ ಮಾಡಿದರೆ ಪಂದ್ಯದ ದಿನ ಲೆಂಗ್ತ್ (ಬಾಲ್ ನೆಲಕ್ಕೆ ಬೀಳುವ ದೂರ) ತಪ್ಪುತ್ತದೆ. ಮೈದಾನದಲ್ಲಿ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಇದೆಯೇ, ಕತ್ತಲಾಗುವ ಮುಂಚೆ ಮನೆ ಸೇರಬಹುದೇ ಎಂಬುದನ್ನು ಸೇರುವ ದಿನವೇ ನೋಡಿಕೊಳ್ಳಿ. ಎಷ್ಟೋ ಹುಡುಗಿಯರು ಆಟ ಬಿಡುವುದು ಈ ಕಾರಣಕ್ಕೆ.

ಬೇಸಿಗೆ ಶಿಬಿರ

ನಾಲ್ಕರಿಂದ ಆರು ವಾರದ ಶಿಬಿರದಲ್ಲಿ ಹುಡುಗರ ಸಂಖ್ಯೆ ಮಾಮೂಲಿ ಬ್ಯಾಚ್‌ಗಿಂತ ಹೆಚ್ಚು, ಎಸೆತಗಳು ಕಡಿಮೆ. ತಾಂತ್ರಿಕ ತಪ್ಪು ತಿದ್ದಲು ಅಷ್ಟು ಸಮಯ ಸಾಲದು. ಬ್ಯಾಟು ಹಿಡಿಯುವ ರೀತಿ ಬದಲಿಸಿದರೂ ಮೊದಲ ಎರಡು ಮೂರು ವಾರ ಆಟ ಕೆಟ್ಟೇ ಕೆಡುತ್ತದೆ. ಸರಿಹೋಗುವ ಹೊತ್ತಿಗೆ ಶಿಬಿರ ಮುಗಿದಿರುತ್ತದೆ. ಆದರೂ ಇದರಿಂದ ಒಂದು ಉಪಕಾರವಿದೆ. ಮಗುವಿಗೆ ನಿಜವಾಗಿ ಈ ಆಟ ಬೇಕೇ, ಮುಂಜಾನೆ ಐದಕ್ಕೆ ತಾನಾಗಿಯೇ ಏಳುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲಿ ತಿಳಿಯುತ್ತದೆ. ಅಷ್ಟಕ್ಕೆ ಸೇರಿಸಿ. ದುಬಾರಿ ಕಿಟ್ ಆಗಲೇ ಕೊಳ್ಳಬೇಡಿ.

ಬೌಲಿಂಗ್ ಮಷಿನ್ ಮತ್ತು ಖಾಸಗಿ ಕೋಚ್

ಮಷಿನ್ ಎದುರು ಅರ್ಧ ಗಂಟೆಯಲ್ಲಿ ನೂರು ಎಸೆತ ಆಡಬಹುದು. ಲೆಕ್ಕದಲ್ಲಿ ಇದಕ್ಕಿಂತ ಅಗ್ಗ ಯಾವುದೂ ಇಲ್ಲ. ಎಡವಟ್ಟು ಇರುವುದು ಬೇರೆ ಕಡೆ. ಬ್ಯಾಟ್ಸ್‌ಮನ್ ಬೌಲರ್‌ನ ಓಟ, ಭುಜ, ಮಣಿಕಟ್ಟು ನೋಡಿಯೇ ಬಾಲ್ ಎಲ್ಲಿ ಬೀಳಬಹುದೆಂದು ಅಂದಾಜು ಮಾಡುತ್ತಾನೆ. ಮಷಿನ್‌ಗೆ ಕೈಯಿಲ್ಲ, ಬಾಲ್ ಏಕಾಏಕಿ ತೂತಿನಿಂದ ಹಾರಿ ಬರುತ್ತದೆ. ಲೆಂಗ್ತ್ ಮೊದಲೇ ಗೊತ್ತಿರುವುದರಿಂದ ಹುಡುಗ ಬಾಲ್ ಬರುವ ಮುಂಚೆಯೇ ಕಾಲಿಡಲು ಕಲಿಯುತ್ತಾನೆ. ಪಂದ್ಯದಲ್ಲಿ ಇದೇ ಅಭ್ಯಾಸ ಎಲ್‌ಬಿಡಬ್ಲ್ಯು ಮಾಡಿಸುತ್ತದೆ.

ಹಾಗಾದರೆ ಬೇಡವೇ? ಒಂದೇ ಹೊಡೆತವನ್ನು ಗಟ್ಟಿ ಮಾಡಿಕೊಳ್ಳಲು ಬೇಕು. ಪುಲ್ (ಎದ್ದು ಬರುವ ಬಾಲನ್ನು ಅಡ್ಡ ಬ್ಯಾಟಿನಿಂದ ಲೆಗ್ ಕಡೆಗೆ ಕಳಿಸುವ ಹೊಡೆತ) ಹೊಡೆಯಲು ಹೆದರುವ ಹುಡುಗನಿಗೆ ಕಡಿಮೆ ವೇಗದಲ್ಲಿ 24 ಎಸೆತ, ಸ್ವಲ್ಪ ವಿಶ್ರಾಂತಿ, ವೇಗ ಒಂದು ಹಂತ ಏರಿಸಿ ಮತ್ತೆ 24, ಅಲ್ಲಿಗೆ ನಿಲ್ಲಿಸಿ. ಮಷಿನ್‌ಗೆ ಬಾಲ್ ಹಾಕುವವರು ಪ್ರತಿ ಸಲ ಕೈ ಮೇಲೆತ್ತಿ ಬಾಲ್ ತೋರಿಸಿಯೇ ಹಾಕಲಿ. ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ. ಬೌಲರ್‌ಗಂತೂ ಇದರಿಂದ ಏನೂ ಪ್ರಯೋಜನವಿಲ್ಲ.

ಖಾಸಗಿಯಾಗಿ ಒಬ್ಬರಿಗೇ ಕಲಿಸುವ ಕೋಚ್ ದುಬಾರಿ, ಆದರೆ ನಿರ್ದಿಷ್ಟ ತೊಂದರೆ ಇದ್ದಾಗ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಬೌಲಿಂಗ್ ಆ್ಯಕ್ಷನ್ ತಿದ್ದುವುದು ಅಂಥದ್ದು. ಟೆನಿಸ್ ಬಾಲ್‌ನಲ್ಲಿ ಪಳಗಿದ ಬೌಲರ್‌ಗಳು ಹಗುರ ಬಾಲ್‌ಗೆ ವೇಗ ಕೊಡಲು ಮೊಣಕೈ ಝಾಡಿಸುವುದನ್ನು ಕಲಿತಿರುತ್ತಾರೆ. ಲೆದರ್ ಬಾಲ್‌ನಲ್ಲಿ ಹಾಗೆ ಮಾಡಿದರೆ ಭುಜ ನೋಯುತ್ತದೆ, ಅಂಪೈರ್ ಕಣ್ಣಿಗೂ ಬೀಳುತ್ತದೆ. ಮೊಣಕೈ ನೆಟ್ಟಗಾಗುವುದಕ್ಕೆ ಅಂತರರಾಷ್ಟ್ರೀಯ ನಿಯಮದಲ್ಲಿ ಇರುವ ಮಿತಿ 15 ಡಿಗ್ರಿ. ಇನ್ನೊಂದು ಅಪಾಯ ಬೆನ್ನಿನದು: ಹಿಂಗಾಲು ಊರಿದಾಗ ಸೊಂಟ ಒಂದು ದಿಕ್ಕಿಗೆ, ಭುಜ ಇನ್ನೊಂದು ದಿಕ್ಕಿಗೆ ತಿರುಗಿದ್ದರೆ ಪ್ರತಿ ಎಸೆತಕ್ಕೂ ಕೆಳಬೆನ್ನು ಹಿಂಡಿದಂತಾಗುತ್ತದೆ, ಬೆಳೆಯುವ ವಯಸ್ಸಿನ ವೇಗಿಗಳ ಬೆನ್ನುಮೂಳೆ ಬಿರುಕಿಗೆ ಇದೊಂದು ಮುಖ್ಯ ಕಾರಣ. ಇಂಥದ್ದನ್ನು ಗುಂಪಿನ ನೆಟ್ಸ್‌ನಲ್ಲಿ ತಿದ್ದಲಾಗದು. ಎಂಟು ಹತ್ತು ಸೆಷನ್ ಒಬ್ಬರೇ ಕೋಚ್ ಹತ್ತಿರ ಮಾಡಿಸಿ, ಮತ್ತೆ ಗುಂಪಿಗೆ ಹಾಕಿ. ಖಾಸಗಿ ಕೋಚ್ ವರ್ಷವಿಡೀ ಬೇಡ.

ಬೌಲಿಂಗ್ ಮಿತಿಯನ್ನೂ ಇಲ್ಲೇ ಹೇಳಬೇಕು. ನಮ್ಮ ಊರುಗಳಲ್ಲಿ ಚೆನ್ನಾಗಿ ಎಸೆಯುವ ಹುಡುಗನನ್ನು ನೆಟ್ಸ್‌ನಲ್ಲಿ ಎರಡು ಗಂಟೆ ಬಿಡದೆ ಎಸೆಸುತ್ತಾರೆ. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹುಕಾಲ ಪಾಲಿಸಿದ ಮಾರ್ಗಸೂಚಿಯಂತೆ 13 ವರ್ಷದೊಳಗಿನ ವೇಗದ ಬೌಲರ್‌ಗೆ ಒಂದು ಸ್ಪೆಲ್‌ನಲ್ಲಿ (ಒಂದೇ ಸರದಿಯಲ್ಲಿ) 5 ಓವರ್, ದಿನಕ್ಕೆ 10. 14, 15ರ ವಯೋಮಿತಿಯವರಿಗೆ 6 ಮತ್ತು 12. ನೆಟ್ಸ್‌ನ ಎಸೆತಗಳನ್ನೂ ಈ ಲೆಕ್ಕದೊಳಗೇ ಇಟ್ಟರೆ ಒಳ್ಳೆಯದು. ಕೋಚ್ ಇದನ್ನು ಎಣಿಸುವುದಿಲ್ಲ ಎಂದಾದರೆ ಅಪ್ಪ ಎಣಿಸಲಿ.

ಬೆಂಗಳೂರು ಅಥವಾ ಹುಬ್ಬಳ್ಳಿಯ ಹಾಸ್ಟೆಲ್ ದಾರಿ

ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹಾಗೆಂದು ದೂರ ಚಿಕ್ಕದಲ್ಲ. ಬಳ್ಳಾರಿಯಿಂದ 300 ಕಿ.ಮೀ. ಮೇಲೆ, ರಾಯಚೂರಿನಿಂದ 400ರ ಆಸುಪಾಸು. ಅಲ್ಲಿ ಸಿಗುವುದೇನು? ಟರ್ಫ್ ಪಿಚ್, ವಿಧವಿಧದ ಬೌಲರ್‌ಗಳು, ಸತತವಾಗಿ ಡಿವಿಜನ್ ಲೀಗ್ ಪಂದ್ಯಗಳು, ಫಿಸಿಯೊ, ವಿಡಿಯೊ ವಿಶ್ಲೇಷಣೆ. ಕಳೆದುಕೊಳ್ಳುವುದೇನು? ಮನೆ, ಶಾಲೆಯ ಲಯ ಮತ್ತು ಆಡುವ ಅವಕಾಶ. ಕೊನೆಯದನ್ನು ಜನ ಮರೆಯುತ್ತಾರೆ. ಇಲ್ಲಿ ಊರಿನ ತಂಡಕ್ಕೆ ಓಪನಿಂಗ್ ಮಾಡುವ ಹುಡುಗ ಅಲ್ಲಿ ಆರನೆಯ ಕ್ರಮಾಂಕದಲ್ಲೂ ಜಾಗ ಸಿಗದೆ ಒಂದು ಸೀಸನ್ ಪೂರ್ತಿ ನೀರಿನ ಬಾಟಲಿ ಹೊರಬಹುದು. ದೊಡ್ಡ ಹೆಸರಿನ ಅಕಾಡೆಮಿಗಳಲ್ಲಿ ಬ್ಯಾಚ್ ಕೂಡ ದೊಡ್ಡದೇ. ಮೇಲೆ ಹೇಳಿದ ಎಸೆತಗಳ ಲೆಕ್ಕ ಅಲ್ಲಿಯೂ ಹಾಕಿ. ಎಷ್ಟೋ ಸಲ ಊರಿನ ನೆಟ್ಸ್ ಗೆಲ್ಲುತ್ತದೆ.

ಖರ್ಚು ಲೆಕ್ಕ ಹಾಕುವಾಗ ಅಕಾಡೆಮಿ ಶುಲ್ಕ ಒಂದನ್ನೇ ನೋಡಬೇಡಿ. ಹಾಸ್ಟೆಲ್, ಊಟ, ಶಾಲೆ, ಮೈದಾನಕ್ಕೆ ಓಡಾಟ, ಪಂದ್ಯದ ದಿನದ ಖರ್ಚು, ವರ್ಷಕ್ಕೆ ನಾಲ್ಕೈದು ಸಲ ಅಪ್ಪ ಅಮ್ಮ ಹೋಗಿಬರುವುದು, ಎಲ್ಲ ಸೇರಿಸಿದರೆ ಶುಲ್ಕ ಅದರಲ್ಲಿ ಚಿಕ್ಕ ಪಾಲು. ಹೊಲ ಅಡವಿಟ್ಟು ಕಳಿಸುವವರೂ ಇದ್ದಾರೆ. ಹಾಗೆ ಕಳಿಸಿದರೆ ಹದಿಮೂರರ ಹುಡುಗ ಪ್ರತಿ ಇನಿಂಗ್ಸ್‌ನಲ್ಲೂ ಸಾಲದ ಭಾರ ಹೊತ್ತು ಆಡಬೇಕಾಗುತ್ತದೆ, ಅದು ಬೇಡ.

ಕಳಿಸುವುದಾದರೆ ಯಾವಾಗ? ವಲಯ ಮಟ್ಟದ ಪಂದ್ಯಗಳಲ್ಲಿ ರನ್ ಅಥವಾ ವಿಕೆಟ್ ಬಂದು, ಊರಿನ ಕೋಚ್ ತಾವಾಗಿಯೇ 'ಇಲ್ಲಿ ಇವನಿಗೆ ಇನ್ನು ಸವಾಲಿಲ್ಲ' ಎಂದಾಗ. ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ರಣಜಿ ಗೆದ್ದ ರೈಲ್ವೇಸ್ ತಂಡದಲ್ಲಿ ಆಡಿದವರು, ಕರ್ನಾಟಕದ ನಾಯಕತ್ವವನ್ನೂ ವಹಿಸಿದವರು. ಆರ್‌ಸಿಬಿ ಸೇರಿದ ಮನೋಜ್ ಭಾಂಡಗೆ ಕೂಡ ರಾಯಚೂರಿನವರೇ. ಈ ಕಡೆ ಹುಟ್ಟಿದ್ದು ಅಡ್ಡಿಯಲ್ಲ. ಒಂದು ಹಂತದಲ್ಲಿ ಹೊರಗೆ ಹೋಗಬೇಕಾಗುತ್ತದೆ ಎಂಬುದೂ ನಿಜ. ಚರ್ಚೆ ಇರುವುದು ಯಾವ ವಯಸ್ಸಿಗೆ ಎಂಬುದರ ಮೇಲೆ ಮಾತ್ರ. ಕೊಪ್ಪಳದವರಿಗೆ ಹುಬ್ಬಳ್ಳಿ ರೈಲಿನಲ್ಲಿ ಹತ್ತಿರ, ವಾರಾಂತ್ಯಕ್ಕೆ ಹೋಗಿಬರಬಹುದು. ಆದರೆ ಅದು ಬೇರೆ ವಲಯ. ಅಲ್ಲಿನ ಕ್ಲಬ್‌ನಲ್ಲಿ ಹೆಸರು ನೋಂದಾಯಿಸುವ ಮುಂಚೆ ಇಲ್ಲಿನ ವಲಯದ ಆಯ್ಕೆಗೆ ಅದರಿಂದ ತೊಡಕಾಗುತ್ತದೆಯೇ ಎಂದು ಎರಡೂ ಕಡೆ ವಿಚಾರಿಸಿ. ಅಭ್ಯಾಸಕ್ಕಷ್ಟೇ ಹೋಗಿ, ನೋಂದಣಿ ಊರಲ್ಲೇ ಇಟ್ಟುಕೊಳ್ಳುವುದು ಆರಂಭದಲ್ಲಿ ಸುರಕ್ಷಿತ.

ತೋರಣಗಲ್ಲು ಹತ್ತಿರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕ್ರಿಕೆಟ್‌ಗೆ ಸೇರಿಸಬಹುದೇ ಎಂದು ಕೇಳುವವರಿಗೆ: 2018ರಲ್ಲಿ ಅದು ಶುರುವಾದದ್ದು ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ನಂಥ ಆಟಗಳಿಗಾಗಿ. ಕ್ರಿಕೆಟ್‌ಗೆಂದು ಅಲ್ಲಿಗೆ ಹೋಗುವುದಲ್ಲ.

ಮನೆಯಲ್ಲೇ, ಮೈದಾನದಲ್ಲೇ, ಸ್ವಂತ ಅಭ್ಯಾಸ

ದೂರದ ಹಳ್ಳಿಯವರಿಗೆ, ರೊಕ್ಕ ಕಡಿಮೆ ಇರುವವರಿಗೆ, ಕೆಲಸಕ್ಕೆ ಹೋಗುವ ದೊಡ್ಡವರಿಗೆ ಉಳಿಯುವುದು ಇದೇ. ಅಕಾಡೆಮಿಗೆ ಹೋಗುವವರಿಗೂ ಇದು ಬೇಕೇ ಬೇಕು. ಇಬ್ಬರು ಗೆಳೆಯರು ಅರ್ಧ ಗಂಟೆ ಥ್ರೋಡೌನ್ (ಹತ್ತಿರದಿಂದ ಕೈಯಲ್ಲಿ ಎಸೆದ ಬಾಲ್ ಆಡುವ ಅಭ್ಯಾಸ) ಹಂಚಿಕೊಂಡರೆ ನಿಮಿಷಕ್ಕೆ ನಾಲ್ಕರಂತೆ ಒಬ್ಬೊಬ್ಬರಿಗೆ 60 ಎಸೆತ. ವಾರಕ್ಕೆ ನಾಲ್ಕು ದಿನವಾದರೆ 240. ಅಕಾಡೆಮಿಯ ಮೂರು ದಿನದಲ್ಲಿ, ದಿನಕ್ಕೆ 36ರಂತೆ, ಸಿಗುವುದು 108. ಇಲ್ಲಿ ಇಲ್ಲದ್ದು ತಿದ್ದುವ ಕಣ್ಣು ಒಂದೇ. ಅದನ್ನು ಫೋನಿನಿಂದ ಸ್ವಲ್ಪ ಮಟ್ಟಿಗೆ ತುಂಬಬಹುದು.

ಥ್ರೋಡೌನ್ ಎಂದರೆ ಸುಮ್ಮನೆ ಎಸೆಯುವುದಲ್ಲ. 12ರಿಂದ 14 ಮೀಟರ್ ದೂರದಿಂದ, ಕೈ ತಲೆಯ ಮೇಲಿಂದ ಬರುವಂತೆ ಎಸೆಯಬೇಕು. ಎಸೆಯುವವರು ಸ್ಟಂಪಿನ ನೇರದಿಂದ ಒಂದು ಹೆಜ್ಜೆ ಪಕ್ಕಕ್ಕೆ ಇರಲಿ, ನೇರ ಡ್ರೈವ್ ಮುಖಕ್ಕೆ ಬಂದರೆ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ. 12 ಎಸೆತದ ಐದು ಕಂತು: ಮೊದಲೆರಡು ಮುಂಗಾಲಿನ ರಕ್ಷಣೆ ಮತ್ತು ಡ್ರೈವ್, ಮೂರನೆಯದು ಹಿಂಗಾಲು, ನಾಲ್ಕನೆಯದರಲ್ಲಿ ಲೆಂಗ್ತ್ ಹೇಳದೆ ಬೆರೆಸಿ. ಐದನೆಯ ಕಂತಿನಲ್ಲಿ ಆಫ್ ಸ್ಟಂಪಿನ ಹೊರಗಿನದನ್ನು ಬಿಡುವುದು. ಬಿಡುವ ಅಭ್ಯಾಸವನ್ನು ಯಾರೂ ಮಾಡುವುದಿಲ್ಲ, ಔಟಾಗುವುದು ಮಾತ್ರ ಅಲ್ಲೇ.

ಸಾಕ್ಸಿನಲ್ಲಿ ಬಾಲ್ ಹಾಕಿ ತೂಗುಬಿಡುವುದು ಹಳೆಯ ಉಪಾಯ. ಬ್ಯಾಟು ನೇರ ಬರುತ್ತಿದೆಯೇ, ತಲೆ ಬಾಲಿನ ಮೇಲಿದೆಯೇ ನೋಡಲು ಒಳ್ಳೆಯದು. ಟೈಮಿಂಗ್‌ಗೆ ಅಲ್ಲ, ಏಕೆಂದರೆ ತೂಗುವ ಬಾಲ್ ನೆಲಕ್ಕೆ ಬಿದ್ದು ಏಳುವುದಿಲ್ಲ.

ಬೌಲರ್‌ಗೆ ಜಾಗವೂ ಬಾಲೂ ಇದ್ದರೆ ಸಾಕು. ಬ್ಯಾಟ್ಸ್‌ಮನ್ ಸ್ಟಂಪಿನಿಂದ 6ರಿಂದ 8 ಮೀಟರ್ ನಡುವೆ, ಆಫ್ ಸ್ಟಂಪ್ ಸಾಲಿನಲ್ಲಿ ಸುಣ್ಣದಿಂದ ಚೌಕ ಬರೆಯಿರಿ. ಸ್ಪಿನ್ನರ್‌ಗೆ ಅದನ್ನು ಬ್ಯಾಟ್ಸ್‌ಮನ್‌ಗೆ ಇನ್ನೂ ಹತ್ತಿರ ತನ್ನಿ. 12 ವರ್ಷದೊಳಗಿನವರಿಗೆ 22 ಗಜದ ಬದಲು 18ರಿಂದ 20 ಗಜ ಸಾಕು. ಪೂರ್ತಿ ಉದ್ದದಲ್ಲಿ ಎಸೆಸಿದರೆ ಬಾಲ್ ಮುಟ್ಟಿಸಲು ಮೈಯೆಲ್ಲ ಎಳೆದು ಆ್ಯಕ್ಷನ್ ಕೆಡಿಸಿಕೊಳ್ಳುತ್ತಾರೆ. 36 ಎಸೆತದಲ್ಲಿ ಚೌಕಕ್ಕೆ ಬಿದ್ದವೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ವಿಡಿಯೊಗೆ ಫೋನನ್ನು ಸೊಂಟದ ಎತ್ತರಕ್ಕೆ, ಅಲುಗಾಡದಂತೆ ಇಡಿ; ಸ್ಲೋ ಮೋಷನ್‌ನಲ್ಲಿ ತೆಗೆಯಿರಿ. ಬ್ಯಾಟಿಂಗ್‌ಗೆ ಒಮ್ಮೆ ಪಕ್ಕದಿಂದ, ಒಮ್ಮೆ ಬೌಲರ್ ಕಡೆಯಿಂದ. ಪಕ್ಕದಿಂದ ನೋಡಿದಾಗ ಹೊಡೆಯುವ ಗಳಿಗೆಯಲ್ಲಿ ತಲೆ ಮುಂಗಾಲಿನ ಹಿಂದೆ ಉಳಿದಿದ್ದರೆ ಬಾಲ್ ಗಾಳಿಗೇರುತ್ತದೆ. ಟೆನಿಸ್ ಬಾಲ್‌ನಿಂದ ಬಂದವರಲ್ಲಿ ಈ ತಪ್ಪು ಸಾಮಾನ್ಯ: ಆ ಬಾಲ್ ಎತ್ತರಕ್ಕೆ ಏಳುವುದರಿಂದ ಹಿಂದೆ ವಾಲಿ ಎತ್ತಿ ಹೊಡೆದೇ ರೂಢಿ. ತಾವೇ ನೋಡಿ ತಿಳಿಯದಿದ್ದರೆ ತಿಂಗಳಿಗೊಮ್ಮೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಕೋಚ್‌ಗೆ ತೋರಿಸಿ, ಒಂದು ಸೆಷನ್‌ಗೆ ದುಡ್ಡು ಕೊಟ್ಟು ಬನ್ನಿ. ಸಿಂಧನೂರಿನಿಂದ ವಾರಕ್ಕೆ ಮೂರು ಸಲ ರಾಯಚೂರಿಗೆ ಬಸ್ ಹತ್ತುವುದಕ್ಕಿಂತ ಇದು ಎಷ್ಟೋ ವಾಸಿ.

ಊರೂರಿನ ಟೆನಿಸ್ ಬಾಲ್ ಟೂರ್ನಿಗಳನ್ನು ಬಿಡಬೇಕೇ ಎಂದರೆ, ಹವ್ಯಾಸಕ್ಕೆ ಆಡುವವರು ಖಂಡಿತ ಬಿಡಬೇಡಿ. ಒತ್ತಡದಲ್ಲಿ ಆಡುವುದು, ಫೀಲ್ಡಿಂಗ್, ಕ್ಯಾಚಿಂಗ್ ಎಲ್ಲ ಅಲ್ಲಿ ಚುರುಕಾಗುತ್ತವೆ. ಲೆದರ್ ಬಾಲ್‌ನಲ್ಲಿ ಆಯ್ಕೆಗೆ ತಯಾರಾಗುವ ಹುಡುಗ ಮಾತ್ರ ಆ ಪಂದ್ಯಾವಳಿಗೆ ಮೂರು ವಾರ ಮುಂಚೆ ಟೆನಿಸ್ ಬಾಲ್ ಆಡುವುದನ್ನು ನಿಲ್ಲಿಸಲಿ.

ಬಜೆಟ್ ನೋಡಿಕೊಂಡು

ಕಿಟ್ ಎಲ್ಲ ದಾರಿಗೂ ಬೇಕು, ಆದ್ದರಿಂದ ಅದರ ಮಾತು ಮೊದಲು. ಕಾಶ್ಮೀರಿ ವಿಲ್ಲೋ ಬ್ಯಾಟು ಎರಡು ಮೂರು ಸಾವಿರದ ಆಸುಪಾಸಿಗೆ ಸಿಗುತ್ತದೆ, ಇಂಗ್ಲಿಷ್ ವಿಲ್ಲೋ ಅದರ ಮೂರು ನಾಲ್ಕು ಪಟ್ಟು. ಬೆಳೆಯುವ ಹುಡುಗನಿಗೆ ಮೊದಲನೆಯದೇ ಸಾಕು. 'ಮುಂದಿನ ವರ್ಷಕ್ಕೂ ಆಗಲಿ' ಎಂದು ದೊಡ್ಡ ಬ್ಯಾಟು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಭಾರ ಎತ್ತಲಾರದೆ ಕೆಳಗಿನ ಕೈಯಿಂದ ಅಡ್ಡ ಬೀಸುವುದನ್ನೇ ಕಲಿಯುತ್ತಾನೆ. ಸುಮಾರು ನಾಲ್ಕೂಮುಕ್ಕಾಲರಿಂದ ಐದು ಅಡಿ ಎತ್ತರಕ್ಕೆ 5ನೇ ಸೈಜು, ಐದು ಅಡಿ ದಾಟಿದರೆ 6, ಐದೂಕಾಲರ ಮೇಲೆ ಹ್ಯಾರೋ (6ಕ್ಕಿಂತ ದೊಡ್ಡದು, ದೊಡ್ಡವರ ಬ್ಯಾಟಿಗಿಂತ ಚಿಕ್ಕದು). ಹೊಸ ಬ್ಯಾಟಿಗೆ ತೆಳುವಾಗಿ ಅಗಸೆ ಎಣ್ಣೆ ಸವರಿ, ಮರದ ಸುತ್ತಿಗೆಯಿಂದ ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ಹನ್ನೆರಡು ದಿನ ಮೆಲ್ಲಗೆ ತಟ್ಟಿ ಹದಮಾಡಿ (ನಾಕಿಂಗ್). ತಗಡಿನ ಮಾಳಿಗೆ ಕೆಳಗೆ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ, ನಮ್ಮ ಒಣ ಹವೆಗೆ ಸೀಳುತ್ತದೆ. ಉಳಿಸುವುದಾದರೆ ಬ್ಯಾಟಿನಲ್ಲಿ ಉಳಿಸಿ, ಹೆಲ್ಮೆಟ್ ಮತ್ತು ಗಾರ್ಡ್‌ನಲ್ಲಿ ಅಲ್ಲ. ಹೆಲ್ಮೆಟ್ ಒಳಗೆ ಬಿಎಸ್ 7928:2013 ಎಂಬ ಗುರುತು ನೋಡಿ; ಜೋರು ಪೆಟ್ಟು ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ಸೆಕೆಂಡ್ ಹ್ಯಾಂಡ್ ಪ್ಯಾಡು ಪರವಾಗಿಲ್ಲ, ಸೆಕೆಂಡ್ ಹ್ಯಾಂಡ್ ಹೆಲ್ಮೆಟ್ ಬೇಡ.

ತೀರ ಕಡಿಮೆ ರೊಕ್ಕದಲ್ಲಿ: ಸ್ವಂತ ಅಭ್ಯಾಸ ವಾರಕ್ಕೆ ನಾಲ್ಕು ದಿನ, ತಿಂಗಳಿಗೊಂದು ಕೋಚ್ ಭೇಟಿ, ಊರಿನ ಲೆದರ್ ಬಾಲ್ ತಂಡದಲ್ಲಿ ಪಂದ್ಯ. ಮಧ್ಯಮ ಖರ್ಚಿನಲ್ಲಿ: ಊರಿನ ಅಕಾಡೆಮಿ ಮೂರು ದಿನ, ಥ್ರೋಡೌನ್ ಎರಡು ದಿನ, ಏನಾದರೂ ತೊಡಕು ಬಂದಾಗ ಮಾತ್ರ ಖಾಸಗಿ ಸೆಷನ್. ಹೆಚ್ಚು ಹಾಕಬಲ್ಲವರೂ 15ರ ತನಕ ಇದನ್ನೇ ಮಾಡಿ; ಉಳಿದ ದುಡ್ಡನ್ನು ಹೊರ ಊರಿನ ಪಂದ್ಯಗಳಿಗೆ ಕಳಿಸಲು ಬಳಸಿ. 25 ದಾಟಿದ, ಭಾನುವಾರ ಆಡುವವರಿಗೆ ಎರಡು ದಿನ ಥ್ರೋಡೌನ್, ಒಂದು ದಿನ ಓಟ ಮತ್ತು ಸ್ಟ್ರೆಚಿಂಗ್ ಸಾಕು; ಅವರ ಆಟ ಕೆಡಿಸುವುದು ತಂತ್ರಕ್ಕಿಂತ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು).

ಆಯ್ಕೆಯ ಗುರಿ ಇಟ್ಟವರಿಗೆ ಕಾಗದಪತ್ರದ ಒಂದು ಮಾತು. ವಯೋಮಿತಿ ಲೆಕ್ಕಕ್ಕೆ ಬಿಸಿಸಿಐ ಹಿಡಿಯುವ ದಿನ ಸೆಪ್ಟೆಂಬರ್ 1. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹುಟ್ಟಿದ ದಿನ, ಹೆಸರಿನ ಕಾಗುಣಿತ, ತಂದೆಯ ಹೆಸರು ಒಂದೇ ಇರಬೇಕು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಅಂದಾಜಿಗೆ ಜೂನ್ 1 ಎಂದು ಬರೆಸಿದವರು ಈಗಲೇ ಸರಿಪಡಿಸಿಕೊಳ್ಳಿ, ಆಯ್ಕೆಯ ವಾರದಲ್ಲಿ ಆಗುವ ಕೆಲಸ ಅಲ್ಲ. 16ರೊಳಗಿನ ಹುಡುಗರಿಗೆ, 15ರೊಳಗಿನ ಹುಡುಗಿಯರಿಗೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸನ್ನೂ ನೋಡುತ್ತಾರೆ. ವಯಸ್ಸು ಇಳಿಸಿ ಕಾಗದ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಅವರ ಹತ್ತಿರ ಕೋಚಿಂಗ್‌ಗೇ ಕಳಿಸಬೇಡಿ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವರಿಗೆ ಎರಡು ವರ್ಷ ನಿಷೇಧ ಎಂದು ಮಂಡಳಿ 2020ರಲ್ಲೇ ಘೋಷಿಸಿದೆ, ಹುಡುಗನ ಪಾಲಿಗೆ ಆ ಎರಡು ವರ್ಷ ಅಂದರೆ ಒಂದು ವಯೋವರ್ಗವೇ ಕೈತಪ್ಪಿದಂತೆ.